ನಮ್ಮವರ ಬರಿಗಾಲ ವಾಕಿಂಗು

ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಒಂದು ಬೂಟಿನ ಡಬ್ಬಿ ಇದೆ. ಒಳಗೆ ಬೂಟಿಲ್ಲ, ಅಕ್ಕಿ ಸಂಡಿಗೆ ಇದೆ. ಮೊನ್ನೆ ಬೀಗರು ಊಟಕ್ಕೆ ಬರುವವರಿದ್ದರೆಂದು ಸಂಡಿಗೆ ತೆಗೆಯಲು ಸ್ಟೂಲು ಹತ್ತಿದವಳು ಡಬ್ಬಿಯ ಮೇಲಿನ ಚಿತ್ರ ನೋಡುತ್ತ ಅಲ್ಲೇ ನಿಂತುಬಿಟ್ಟೆ. ಯಾವುದೋ ಹಸಿರು ಗುಡ್ಡದ ಮೇಲೆ ಒಬ್ಬ ಹುಡುಗ ಗಾಳಿಗೆ ಕೂದಲು ಹಾರಿಸಿಕೊಂಡು ಓಡುತ್ತಿದ್ದಾನೆ. ದಾರಿಯಲ್ಲಿ ಅವನಿಗೆ ಗುರುತಿನವರು ಒಬ್ಬರೂ ಸಿಕ್ಕಿಲ್ಲ ಎನ್ನುವುದು ಮುಖ ನೋಡಿದರೇ ಗೊತ್ತಾಗುತ್ತದೆ. ಅಷ್ಟು ನಿಶ್ಚಿಂತೆಯ ಮುಖ. ಎಣ್ಣೆ ಕಾದು ಹೊಗೆಯಾಡುತ್ತಿದೆ ಎಂದು ಸೊಸೆ ರೂಪಾ ಕೂಗಿದ ಮೇಲೆಯೇ ನಾನು ಕೆಳಗಿಳಿದದ್ದು.

ಆ ಬೂಟು ತಂದದ್ದು ನಮ್ಮ ಮನೆಯವರಿಗಾಗಿ. ಅವರದು ಹಗರಿಬೊಮ್ಮನಹಳ್ಳಿಯಲ್ಲಿ ಬೀಜ ಮತ್ತು ಗೊಬ್ಬರದ ಅಂಗಡಿ. ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ ಸುತ್ತಲಿನ ಹಳ್ಳಿಗಳವರೆಲ್ಲ ಅವರ ಎದುರು ಬಂದು ಕೂಡಲೇಬೇಕು. ಹಾಗಾಗಿ ಅವರ ಗುರುತಿಲ್ಲದ ಮನುಷ್ಯ ಈ ಭಾಗದಲ್ಲಿ ಇದ್ದರೆ ಅವನು ಹೊಲ ಇಲ್ಲದವನಿರಬೇಕು ಇಲ್ಲವೇ ಹೊಸದಾಗಿ ವರ್ಗವಾಗಿ ಬಂದವನಿರಬೇಕು. ಅಂಗಡಿ ಮನೆಯಿಂದ ಒಂದು ಕೂಗಳತೆ ದೂರ. ಅಲ್ಲಿಗೆ ಅವರು ಸ್ಕೂಟರಿನಲ್ಲಿ ಹೋಗುತ್ತಾರೆ. ಹೋದವರು ತಿರುಗುವ ಕುರ್ಚಿಯಲ್ಲಿ ಕೂಡುತ್ತಾರೆ. ಆ ಕುರ್ಚಿ ಬಂದಮೇಲೆ ಕುತ್ತಿಗೆ ತಿರುಗಿಸುವ ಕೆಲಸವೂ ತಪ್ಪಿತು.

ದೀಪಾವಳಿ ಕಳೆದ ಮೇಲೆ ಅವರಿಗೆ ಯಾಕೋ ಬಾಯಾರಿಕೆ ಹೆಚ್ಚಾಗಿದೆ ಎಂದು ರಕ್ತ ಪರೀಕ್ಷೆ ಮಾಡಿಸಿದೆವು. ವರದಿ ಹಿಡಿದು ಡಾಕ್ಟರ ಹತ್ತಿರ ಹೋದಾಗ ನಮ್ಮ ಜೊತೆಗೆ ಮೊಮ್ಮಗಳು ಸಿಂಚನಾಳೂ ಇದ್ದಳು. ಮೂರನೆಯ ಇಯತ್ತೆಯ ಹುಡುಗಿ, ಎಲ್ಲಿಗೆ ಹೊರಟರೂ ನಮಗಿಂತ ಮೊದಲು ಚಪ್ಪಲಿ ಮೆಟ್ಟಿರುತ್ತಾಳೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಿಧಾನವಾಗಿ ತಿಳಿಸಿ ಹೇಳುವವರು.

"ಸಕ್ರಿ ಅಂಚಿಗೆ ಬಂದು ನಿಂತೈತ್ರಿ. ಈಗಲೇ ಗುಳಿಗಿ ಬರಿಯಲ್ಲ. ಮೂರು ತಿಂಗಳು ನೋಡೋಣ. ದಿನಾ ಅರ್ಧ ತಾಸು ನಡೀರಿ. ನಡೀವಾಗ ಮಾತಾಡಾಕ ಬರಬೇಕು, ಹಾಡು ಹಾಡಾಕ ಬರಬಾರದು, ಅಷ್ಟು ಜೋರಿರಲಿ. ವಾರದಾಗ ಎರಡು ದಿನ ಏನರ ಭಾರ ಎತ್ತಿ ಇಳಸ್ರಿ."

"ಅಂಗಡ್ಯಾಗ ಗೊಬ್ಬರದ ಚೀಲ ಅದಾವಲ್ರಿ," ಎಂದರು ನಮ್ಮವರು ಉತ್ಸಾಹದಿಂದ.

"ಯಾರು ಎತ್ತತಾರ್ರಿ ಅವನ್ನ?"

"ಹಮಾಲರು."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಆಗ ಸಿಂಚನಾ ಮೇಜಿನ ಮೇಲೆ ಗದ್ದ ಊರಿ, "ನನಗೆಷ್ಟು?" ಎಂದು ಕೇಳಿದಳು.

"ನಿನಗ ಒಂದು ತಾಸು. ಓಡಬೇಕು, ಜಿಗೀಬೇಕು, ಮೈ ಬೆವರಬೇಕು. ಸಣ್ಣೋರಿಗೆ ದೊಡ್ಡೋರಿಗಿಂತ ಜಾಸ್ತಿ."

ಚಿಕ್ಕವರಿಗೆ ಯಾವುದಾದರೂ ಒಂದು ದೊಡ್ಡವರಿಗಿಂತ ಹೆಚ್ಚು ಸಿಗುತ್ತದೆಂದು ಆ ಹುಡುಗಿ ಕೇಳಿದ್ದು ಅದೇ ಮೊದಲು. ಮನೆಗೆ ಬಂದವಳೇ ಅವರಮ್ಮನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಡಾಕ್ಟ್ರು ನನಗ ಒಂದು ತಾಸು ಬರದಾರ. ಇವತ್ತು ಟ್ಯೂಷನ್ನಿಗೆ ಹೋಗಲ್ಲ."

ನಮ್ಮವರು ಮಾತ್ರ ಎರಡು ದಿನ ಸುಮ್ಮನೆ ಕೂತರು. ಗುಳಿಗೆ ನುಂಗಬೇಕಾಗುತ್ತದೆಂಬ ಅಂಜಿಕೆಯಲ್ಲ ಅದು. ಹರಪನಹಳ್ಳಿಯಲ್ಲಿ ನಮ್ಮ ಭಾವನವರು, ಇವರ ಅಣ್ಣ, ಇದ್ದಾರೆ. ಅವರದೂ ಗುಳಿಗೆಯಿಂದಲೇ ಶುರುವಾದದ್ದು. ಈಗ ಮದುವೆ ಮನೆಗೆ ಬಂದರೆ ಕೈಯಲ್ಲೊಂದು ಪುಟ್ಟ ಥರ್ಮಾಸು, ಅದರೊಳಗೆ ಮಂಜುಗಡ್ಡೆ, ಮಂಜುಗಡ್ಡೆಯ ನಡುವೆ ಇಂಜೆಕ್ಷನ್ನು. ಊಟಕ್ಕೆ ಕುಳಿತಾಗ ಹೋಳಿಗೆ ಬಡಿಸುವವರು ಬರುತ್ತಿದ್ದಂತೆ ಭಾವನವರು ಎರಡೂ ಅಂಗೈ ಎಲೆಯ ಮೇಲೆ ಹರವಿ ಮುಚ್ಚಿಬಿಡುತ್ತಾರೆ. ಬಡಿಸುವವರು ಬಿಡುತ್ತಾರೆಯೇ, ಬೆರಳ ಸಂದಿಯಲ್ಲಿ ಒಂದು ತುಂಡು ತೂರಿಸಿ ಹೋಗುತ್ತಾರೆ. ಅದನ್ನು ಎತ್ತಿ ಪಕ್ಕದವರ ಎಲೆಗೆ ಹಾಕುವಾಗಿನ ಅವರ ಮುಖವನ್ನು ನಮ್ಮವರು ಎಷ್ಟೋ ಮದುವೆಗಳಲ್ಲಿ ನೋಡಿದ್ದಾರೆ. ಆ ಪಕ್ಕದ ಎಲೆ ಹೆಚ್ಚಾಗಿ ಇವರದೇ ಆಗಿರುತ್ತಿತ್ತು.

"ನಾ ಎಲಿ ಮುಚ್ಚಂಗಿಲ್ಲ. ನಾಳಿಂದ ನಡೀತೀನಿ," ಎಂದರು ಮೂರನೆಯ ದಿನ. ಅಂದೇ ಸಂಜೆ ಮಗ ಆ ಬಿಳಿ ಬೂಟು ತಂದ.

ನಡೆಯುವುದನ್ನೂ ಒಬ್ಬರು ಚೀಟಿಯಲ್ಲಿ ಬರೆದುಕೊಡಬಹುದು ಎನ್ನುವುದೇ ನನಗೆ ಸೋಜಿಗ. ನನ್ನ ತವರು ಹಂಪಸಾಗರದ ಕಡೆ. ಚಿಕ್ಕವಳಿದ್ದಾಗ ನಮ್ಮನ್ನು ಯಾರೂ ಓಡು ಎಂದದ್ದು ನೆನಪಿಲ್ಲ. ಓಡಬೇಡ ಎಂದದ್ದೇ ನೆನಪು. ಹಬ್ಬ ಹತ್ತಿರ ಬಂದರೆ ಮನೆಯ ಕೌದಿಗಳನ್ನೆಲ್ಲ ಬಂಡಿಗೆ ಹೇರಿ ಹೊಳೆಗೆ ಒಯ್ಯುತ್ತಿದ್ದರು. ನೀರು ಕುಡಿದ ಕೌದಿ ಒಂದು ಎಮ್ಮೆಕರುವಿನಷ್ಟು ತೂಕ. ಈ ತುದಿಗೆ ನಾನು, ಆ ತುದಿಗೆ ನಮ್ಮಕ್ಕ. ಅವಳು ಆ ಕಡೆ ತಿರುವಿದರೆ ನಾನು ಈ ಕಡೆ. ಹಿಂಡುತ್ತ ಹಿಂಡುತ್ತ ಅಕ್ಕ ಬೇಕೆಂದೇ ಕೈಬಿಟ್ಟು ನನ್ನನ್ನು ಕೆಸರಿನಲ್ಲಿ ಕೂಡಿಸಿ ನಗುತ್ತಿದ್ದಳು. ಮಧ್ಯಾಹ್ನ ಬಂಡೆಗಳ ಮೇಲೆ ಕೌದಿ ಒಣಗುವಾಗ ಅವುಗಳ ನಡುವೆಯೇ ಮುಟ್ಟಾಟ. ರಾತ್ರಿ ಊಟದ ತಾಟಿನ ಮುಂದೆಯೇ ನಿದ್ದೆ. ಇದೆಲ್ಲ ಎಷ್ಟು ತಾಸಾಯಿತೆಂದು ಕೇಳುವವರು ಯಾರಿದ್ದರು?

ಹಾಗೆಂದು ಈಗ ನಾನೇನು ಬಹಳ ದುಡಿಯುತ್ತೇನೆ ಎಂದು ತಿಳಿಯಬೇಡಿ. ನೀರು ನಲ್ಲಿಗೆ ಬರುತ್ತದೆ, ಬಟ್ಟೆ ಮೆಷಿನ್ನಿಗೆ ಹೋಗುತ್ತದೆ. ಜೋಳದ ರೊಟ್ಟಿಯನ್ನೂ ಈಗ ನಾನು ಬಡಿಯುವುದಿಲ್ಲ. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಹುಲಿಗೆಮ್ಮ ಎಂಬ ಹೆಂಗಸು ರೊಟ್ಟಿ ಮಾಡಿ ಮಾರುತ್ತಾಳೆ, ಅವಳಿಂದ ತರಿಸುತ್ತೇನೆ. ಸಿಂಚನಾಳ ಒಂದು ತಾಸಿಗೆಂದು ಅಂಗಳದಲ್ಲಿ ಸೀಮೆಸುಣ್ಣದಿಂದ ಮನೆ ಬರೆದು ಕುಂಟಾಬಿಲ್ಲೆ ಹೇಳಿಕೊಡಲು ಹೋದೆ. ಮೊದಲಿನ ಮನೆಗಳನ್ನು ಗಂಭೀರವಾಗಿಯೇ ಕುಂಟಿ ದಾಟಿದೆ. ಬಿಲ್ಲೆ ಎತ್ತಲು ಬಗ್ಗಿದವಳು ಮೇಲೇಳಲು ಸೊಸೆಯನ್ನು ಕರೆಯಬೇಕಾಯಿತು. ರೂಪಾ ಬಂದು ನನ್ನನ್ನು ಎಬ್ಬಿಸಿ, ನೆಲದ ಮೇಲಿನ ಮನೆಗಳನ್ನು ಸ್ವಲ್ಪ ಹೊತ್ತು ನೋಡಿ, ಸೆರಗು ಸಿಕ್ಕಿಸಿ ತಾನೇ ಕುಂಟತೊಡಗಿದಳು. ಆ ವಾರದಿಂದ ಟ್ಯೂಷನ್ನು ಒಂದು ತಾಸು ಮುಂದಕ್ಕೆ ಹೋಯಿತು.

ಇರಲಿ, ನಮ್ಮವರ ಮಾತಿಗೆ ಬರೋಣ. ಮೊದಲ ದಿನ ಬೆಳಗ್ಗೆ ಬಿಳಿ ಬೂಟು, ಪಂಚೆ, ಹೆಗಲ ಮೇಲೆ ಟವೆಲು, ಹಣೆಗೆ ವಿಭೂತಿ ಧರಿಸಿ ಹೊರಟರು. ಗಿರಣಿ ದಾಟಿ, ರೈಲ್ವೆ ಗೇಟು ದಾಟಿ, ಆಚೆಯ ಬೇವಿನ ಮರ ಮುಟ್ಟಿ ಬರುವುದೆಂದು ಲೆಕ್ಕ. ನಾನು ಒಲೆಯ ಮೇಲೆ ಚಹಾಕ್ಕೆ ನೀರಿಟ್ಟು ಸೊಪ್ಪು ಬಿಡಿಸಲು ಕೂತಿದ್ದೆ. ನೀರು ಕುದಿಯುವಷ್ಟರಲ್ಲಿ ಬಾಗಿಲಲ್ಲಿ ಬೈಕಿನ ಸದ್ದು. ಹಾಲು ಹಾಕುವ ಮೈಲಾರಿಯ ಗಾಡಿ. ಎರಡೂ ಕಡೆ ಹಾಲಿನ ಕ್ಯಾನು, ಕ್ಯಾನುಗಳ ಮೇಲೆ ಒಂದೊಂದು ಕಾಲು ಅಗಲಿಸಿಕೊಂಡು ಹಿಂದೆ ನಮ್ಮವರು.

"ಏನಾತ್ರಿ?" ಎಂದು ಗಾಬರಿಯಿಂದ ಎದ್ದೆ.

"ಏನಿಲ್ರಿ ಅಮ್ಮಾರ," ಎಂದ ಮೈಲಾರಿ. "ಸಾವ್ಕಾರ್ರು ಪಾಪ ನಡಕೋತ ಹೊಂಟಿದ್ರು. ಸ್ಕೂಟರ್ ಕೆಟ್ಟೈತೇನೋ ಅಂತ ಹತ್ತಿಸ್ಕೊಂಡು ಬಂದೆ."

ನಮ್ಮ ಕಡೆಯ ಈ ಒಂದು ಪದ್ಧತಿ ನಿಮಗೂ ಗೊತ್ತಿರಬೇಕು. ಗುರುತಿನವರು ನಡೆದು ಹೋಗುತ್ತಿರುವಾಗ ಗಾಡಿಯವನು ಸುಮ್ಮನೆ ಮುಂದೆ ಹೋದರೆ ಅವನು ಮನುಷ್ಯನೇ ಅಲ್ಲ. ನಿಲ್ಲಿಸಬೇಕು, ಹತ್ತಿರಿ ಎನ್ನಬೇಕು. ಒಲ್ಲೆ ಎಂದರೆ ಅವನಿಗೆ ಅವಮಾನ. ತನ್ನ ಮೇಲೆ ಏನಾದರೂ ಸಿಟ್ಟಿದೆಯೋ, ಹೋದ ವರ್ಷದ ಬಾಕಿಯ ಮಾತು ಮನಸ್ಸಿನಲ್ಲಿದೆಯೋ ಎಂದು ದಿನವಿಡೀ ಕೊರಗುತ್ತಾನೆ. ನಮ್ಮವರು ಯಾರನ್ನೂ ನೋಯಿಸುವವರಲ್ಲ. ಎರಡನೆಯ ದಿನ ಟ್ರಾಕ್ಟರು, ಮೂರನೆಯ ದಿನ ಆಟೋ, ನಾಲ್ಕನೆಯ ದಿನ ಮತ್ತೆ ಮೈಲಾರಿ. ಹತ್ತಿಸಿಕೊಂಡವರು ಬರಿದೆ ಬಿಡುತ್ತಾರೆಯೇ? ಚಹಾದ ಅಂಗಡಿಯ ಮುಂದೆ ನಿಲ್ಲಿಸಿ, "ಒಂದೆರಡ್ ಗುಟುಕು ಕುಡೀರಿ" ಎಂದು ಸಕ್ಕರೆ ಹೆಚ್ಚು ಹಾಕಿಸಿ ಕುಡಿಸುತ್ತಾರೆ. ಮನೆಯಲ್ಲಿದ್ದರೆ ಅವರು ಸಕ್ಕರೆ ಇಲ್ಲದ ಚಹಾ ಕುಡಿಯುತ್ತಿದ್ದರು. ವಾಕಿಂಗಿಗೆ ಹೋದದ್ದರಿಂದ ಸಕ್ಕರೆಯದು ಕುಡಿದು ಬಂದರು.

"ವಾಕಿಂಗ್ ಅಂತ ಹೇಳಬಾರದೇನ್ರಿ?"

"ಹೇಳಿದೆ. ಮೈಲಾರಿ ಏನಂದ ಗೊತ್ತೇನು? ವಾಕಿಂಗ್ ಆಮ್ಯಾಲ ಮಾಡೀರಂತ, ಈಗ ಹತ್ರಿ ಅಂದ."

ಹಾದಿ ಬೇಡವೆಂದು ಮಾಳಿಗೆಯ ಮೇಲೆ ಸುತ್ತು ಹಾಕಿ ನೋಡಿದರು. ಪಕ್ಕದ ಮಾಳಿಗೆಯಲ್ಲಿ ಬಟ್ಟೆ ಹರವುತ್ತಿದ್ದ ನೆರೆಯಾಕೆ ಕೇಳಿದಳು, "ಏನರ ಕಳದೈತೇನ್ರಿ?" ಇವರು ಉತ್ತರ ಹುಡುಕುವಷ್ಟರಲ್ಲಿ ಅವಳ ಗಂಡ ಅಡ್ಡಗೋಡೆ ದಾಟಿ ಬಂದು, ಬಗ್ಗಿ ಹುಡುಕತೊಡಗಿದ. ಉಂಗುರವೋ ಲಿಂಗದ ಕರಡಿಗೆಯೋ ಎಂದು ಕೇಳುತ್ತ ಅವನು ಮೂಲೆಮೂಲೆಯಲ್ಲಿ ಕಸ ಕೆದರಿದ. ಸಿಕ್ಕಿತೆಂದು ಇವರು ಹೇಳಿದ ಮೇಲೆಯೇ ಆತ ಸೊಂಟ ನೆಟ್ಟಗೆ ಮಾಡಿದ್ದು. ಆ ದಿನ ವ್ಯಾಯಾಮವಾದದ್ದು ಅವನಿಗೆ.

ಹೀಗೆ ಮೂರು ವಾರ ಕಳೆಯಿತು. ಮೂರು ತಿಂಗಳಲ್ಲಿ ಮೂರು ವಾರವೆಂದರೆ ಕಡಿಮೆಯಲ್ಲ. ನಮ್ಮವರ ಮುಖ ಚಿಕ್ಕದಾಯಿತು. ಒಂದು ದಿನ ಊಟಕ್ಕೆ ಕುಳಿತಾಗ ಬಡಿಸಲು ಹೋದ ನನ್ನ ಕೈ ನೋಡಿ ತಮ್ಮ ಅಣ್ಣನಂತೆಯೇ ತಾಟಿನ ಮೇಲೆ ಅಂಗೈ ಮುಚ್ಚಿದರು. ನಾನು ಬಡಿಸಲು ಹೋದದ್ದು ಮೆಂತ್ಯದ ಪಲ್ಯ.

ದಾರಿ ತೋರಿಸಿದ್ದು ಆ ಬೂಟೇ. ಒಂದು ಸೋಮವಾರ ಅದು ಹಿಮ್ಮಡಿಯನ್ನು ಕಚ್ಚಿ ಹಪ್ಪಳದಂಥ ಬೊಬ್ಬೆ ಎಬ್ಬಿಸಿತು. ರೈಲ್ವೆ ಗೇಟಿನ ಹತ್ತಿರ ತಡೆಯಲಾರದೆ ಬಿಚ್ಚಿ, ಗೇಟಿನವನ ಬಳಿ ಇಡಲು ಕೊಟ್ಟು, ಬರಿಗಾಲಲ್ಲಿ ಬೇವಿನ ಮರದ ಕಡೆ ಹೊರಟರಂತೆ. ಎದುರಿಗೆ ಮೈಲಾರಿ ಬಂದ. ಗಾಡಿ ನಿಧಾನ ಮಾಡಿದ. ಹಣೆಯ ವಿಭೂತಿ ನೋಡಿದ, ಕಾಲು ನೋಡಿದ. ಹಾಡು ಹಾಡುತ್ತಿದ್ದ ಮೊಬೈಲು ಬಂದ್ ಮಾಡಿ, ಕೈ ಮುಗಿದು, ರಸ್ತೆಯ ಆಚೆ ಅಂಚಿಗೆ ಸರಿದು ಸದ್ದಿಲ್ಲದೆ ಹೋದ. ಅವನ ಹಿಂದೆ ಬಂದ ಟ್ರಾಕ್ಟರೂ ಹಾಗೆಯೇ.

ನಮ್ಮವರು ಬೇವಿನ ಮರ ಮುಟ್ಟಿದರು. ಮುಟ್ಟಿ, ಮೈಯೆಲ್ಲ ಬೆವೆತು, ನಡೆದೇ ಮನೆಗೆ ಬಂದರು. ಚಹಾ ಕೇಳಿದರು, ಸಕ್ಕರೆ ಇಲ್ಲದ್ದು.

ಅವರು ವಿವರಿಸಿದಾಗ ನನಗೆ ಹೊಳೆಯಿತು. ಕೊಟ್ಟೂರಿನ ಕೊಟ್ರಪ್ಪನ ಗುಡಿಗೋ ಮೈಲಾರಕ್ಕೋ ನಡೆದು ಬರುತ್ತೇನೆಂದು ಹರಕೆ ಹೊತ್ತವರು ನಮ್ಮಲ್ಲಿ ಚಪ್ಪಲಿ ಬಿಡುತ್ತಾರೆ. ಅಂಥವರನ್ನು ಗಾಡಿ ಹತ್ತಿರಿ ಎಂದು ಕರೆಯುವುದು ಅವರ ಹರಕೆ ಮುರಿದಂತೆ. ಯಾರೂ ಕರೆಯುವುದಿಲ್ಲ. ಚಹಾ ಕುಡಿಯಿರಿ ಎಂದೂ ಎಳೆಯುವುದಿಲ್ಲ. ಬಹಳವೆಂದರೆ ನೀರು ಕೊಟ್ಟಾರು.

ಮರುದಿನವೂ ಬರಿಗಾಲು. ಮೂರನೆಯ ದಿನ ಮೈಲಾರಿ ಹಾಲು ಅಳೆಯುತ್ತ ನನ್ನನ್ನು ಮೆಲ್ಲಗೆ ಕೇಳಿದ, "ಸಾವ್ಕಾರ್ರು ಕೊಟ್ರಪ್ಪಗ ಹರಕಿ ಹೊತ್ತಾರೇನ್ರಿ? ಕಾಲು ಪಳಗಿಸಾಕತ್ತಾರ ಅನಸ್ತೈತಿ." ನಾನು ಪಾತ್ರೆ ಒಳಗಿಡಲು ಹೋದೆ. ನಮ್ಮವರು ಒಳಗಿನಿಂದ "ಹ್ಞೂಂ" ಎಂದರು. ಅದು ಮೈಲಾರಿಗೆ ಹೇಳಿದ್ದೋ, ಪತ್ರಿಕೆಯಲ್ಲಿ ಓದಿದ್ದಕ್ಕೆ ಹೇಳಿದ್ದೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಆ ಮೇಲಿನ ದಿನಗಳು ಬಹಳ ಸುಖದವು. ಬೆಳಗಿನ ಇಬ್ಬನಿಯಲ್ಲಿ ಮೆಕ್ಕೆಜೋಳದ ಒಣ ಎಲೆಯ ರವುದಿಯ ವಾಸನೆ, ಹಡಗಲಿ ಬಸ್ಸಿನ ಮೊದಲ ಟ್ರಿಪ್ಪಿನಲ್ಲಿ ಬರುವ ಮಲ್ಲಿಗೆ ಬುಟ್ಟಿಗಳ ವಾಸನೆ. ನಾನೂ ಜೊತೆಗೆ ಹೊರಟೆ, ಆದರೆ ಚಪ್ಪಲಿ ಮೆಟ್ಟಿ. ಹರಕೆ ಅವರದಲ್ಲವೇ? ಅವರು ನಡೆಯುತ್ತ ಮಾತಾಡುತ್ತಿದ್ದರು, ಹಾಡು ಹಾಡುತ್ತಿರಲಿಲ್ಲ. ಡಾಕ್ಟರು ಹೇಳಿದ್ದೂ ಅಷ್ಟನ್ನೇ. ಮನೆಯಲ್ಲಿ ಮೂವತ್ತು ವರ್ಷ ನನ್ನೊಂದಿಗೆ "ಉಪ್ಪು ಕಡಿಮಿ", "ಬೀಗದ ಕೈ ಎಲ್ಲಿ" ಎಂಬುದಕ್ಕಿಂತ ಹೆಚ್ಚು ಆಡದವರು, ರಸ್ತೆಯ ಮೇಲೆ ತಾವು ಹುಡುಗರಿದ್ದಾಗ ಕೂಡ್ಲಿಗಿಯಲ್ಲಿ ಕಬಡ್ಡಿ ಆಡಿ ಗೆದ್ದು ತಂದ ಸ್ಟೀಲು ಚೊಂಬಿನ ಕತೆ ಹೇಳಿದರು. ಆ ಚೊಂಬಿನಲ್ಲೇ ನಾನು ಇಷ್ಟು ದಿನ ಮಜ್ಜಿಗೆ ಇಡುತ್ತಿದ್ದೆ ಎನ್ನುವುದು ಆಗ ತಿಳಿಯಿತು. ಪಂಚೆಯ ಗಂಟು ಸಡಿಲಾಯಿತು ಎಂದು ಒಂದು ಬೆಳಗ್ಗೆ ಹೆಮ್ಮೆಯಿಂದ ತೋರಿಸಿದರು.

ಸುಖಕ್ಕೆ ಅಡ್ಡ ಬಂದದ್ದು ಒಂದು ತೆಂಗಿನಕಾಯಿ.

ಒಂದು ಬೆಳಗ್ಗೆ ಗಿರಣಿಯ ಮುಂದೆ ಹಾಯುವಾಗ ಹುಲಿಗೆಮ್ಮ ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದಳು. ಒಲೆಯ ಮುಂದೆ ಕೂತು ಕೂತು ಅವಳ ಮೊಣಕಾಲು ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ. ಸೆರಗಿನಲ್ಲಿ ಮುಚ್ಚಿಕೊಂಡು ತಂದ ಕಾಯಿಯನ್ನು ನಮ್ಮವರ ಎದುರು ಹಿಡಿದಳು.

"ಯಪ್ಪಾ, ಕೊಟ್ಟೂರಿಗೆ ನಡೀತೀರಂತ ಮೈಲಾರಿ ಅಂದ. ನಾನೂ ಮದಿವ್ಯಾದಾಗಿಂದ ವರ್ಷಾ ವರ್ಷಾ ನಡದಾಕಿ. ಈಗ ಎರಡು ವರ್ಷಾತು, ಕಾಲು ಬರವಲ್ವು. ಮಗ ಬಸ್ಸಿಗೆ ಕಳಸ್ತೀನಿ ಅಂತಾನ, ಬಸ್ಸಿಗೆ ಹೋದ್ರ ಹೋದಂಗ ಅನಸಂಗಿಲ್ಲ. ಈ ಕಾಯಿ ಒಡಸ್ರಿ. ನನ್ನ ಪಾಲಿಂದೂ ನೀವ ನಡದುಬಿಡ್ರಿ."

ನಮ್ಮವರು ಕಾಯಿ ತೆಗೆದುಕೊಂಡರು. ಆ ಹೊತ್ತಿಗೆ ಬೇರೆ ಏನು ಮಾಡಲು ಬರುತ್ತಿತ್ತು? ಬೇವಿನ ಮರದವರೆಗೆ ಹೋಗಲಿಲ್ಲ. ಅಲ್ಲಿಂದಲೇ ತಿರುಗಿ ಮನೆಗೆ ಬಂದು, ದೇವರ ಮುಂದೆ ಅದನ್ನಿಟ್ಟು, ತಾವು ಜಗಲಿಯ ಮೇಲೆ ಕೂತರು.

"ಸುಳ್ಳು ಹೇಳಿಲ್ಲ ನಾನು," ಎಂದರು.

"ಹೇಳಿಲ್ರಿ. ಹ್ಞೂಂ ಅಂದ್ರಿ."

ಮರುದಿನ ಅವರು ವಾಕಿಂಗಿಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಬೇವಿನ ಮರಕ್ಕೆ ಹೋಗಬೇಕಾದರೆ ಹುಲಿಗೆಮ್ಮನ ಬಾಗಿಲು ದಾಟಬೇಕು, ಅದು ಅವರಿಗೆ ಸಾಧ್ಯವಾಗಲಿಲ್ಲ. ರಕ್ತ ಪರೀಕ್ಷೆಗೆ ಇನ್ನೊಂದು ತಿಂಗಳು ಉಳಿದಿತ್ತು. ನಾಲ್ಕನೆಯ ದಿನ ಸ್ಕೂಟರಿನ ಕೀಲಿ ಎತ್ತಿಕೊಂಡವರ ಎದುರಿಗೆ ಸಿಂಚನಾ ಅಡ್ಡ ನಿಂತಳು.

"ಅಜ್ಜ, ನಾಕು ದಿನದ್ದು ಅರ್ಧ ಅರ್ಧ ತಾಸು ಕೂಡಿ ಎರಡು ತಾಸು ಆಗೈತಿ. ಯಾವಾಗ ನಡೀತಿ?"

ಅವರು ನನ್ನ ಕಡೆ ನೋಡಿದರು. ನಾನು ದೇವರ ಮುಂದಿನ ಕಾಯಿಯ ಕಡೆ ನೋಡಿದೆ.

"ಅಲ್ಲೀತನಕಾ? ನನ್ನ ಕೈಲೆ ಆಗ್ತೈತೇನು?" ಎಂದರು.

"ಸಾವಕಾಶ ಹೋಗೋಣ್ರಿ. ನಾನೂ ಬರ್ತೀನಿ."

ಮುಂದಿನ ಸೋಮವಾರ ಬೆಳಕು ಹರಿಯುವ ಮುಂಚೆ ಹೊರಟೆವು. ಕಾರಿನಲ್ಲಿ ಹಿಂದೆ ಬರುತ್ತೇನೆಂದ ಮಗನನ್ನು ನಮ್ಮವರು ಅಂಗಡಿ ತೆರೆಯಲು ಕಳಿಸಿದರು. ಹುಲಿಗೆಮ್ಮ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟು, ನಮ್ಮ ಬೆನ್ನು ಕಾಣುವವರೆಗೆ ಚೌಕಟ್ಟು ಹಿಡಿದು ನಿಂತಿದ್ದಳು.

ಬೇವಿನ ಮರದವರೆಗಿನ ಹಾದಿ ನಮ್ಮ ಕಾಲಿಗೆ ಗೊತ್ತಿತ್ತು. ಅಲ್ಲಿಂದಾಚೆ ರಸ್ತೆ ಎಂಬುದು ಇಷ್ಟು ಉದ್ದವಿದೆ ಎನ್ನುವುದು ಬಸ್ಸಿನಲ್ಲಿ ಕೂತು ಹೋಗುವಾಗ ತಿಳಿದಿರಲಿಲ್ಲ. ಬಿಸಿಲೇರಿತು. ಡಾಂಬರು ಕಾದಿತು. ನಮ್ಮವರು ರಸ್ತೆ ಬಿಟ್ಟು ಅಂಚಿನ ಮಣ್ಣಿಗಿಳಿದರು, ಮಣ್ಣಿನಲ್ಲಿ ಜಾಲಿಮುಳ್ಳು. ಒಂದು ಹುಣಸೆ ಮರದ ಬುಡದಲ್ಲಿ ಕೂತು ನಾನು ಸೇಫ್ಟಿಪಿನ್ನಿನಿಂದ ಮುಳ್ಳು ತೆಗೆದೆ. ಅಂಗಾಲು ಕೆಂಪಗೆ ಒಲೆಯ ಕೆಂಡದಂತಿತ್ತು. ಎದ್ದು ನಡೆದಾಗ ಇಬ್ಬರೂ ಮಾತು ನಿಲ್ಲಿಸಿದ್ದೆವು. ಮಾತಾಡಲು ಬರಬೇಕು ಎಂದ ಡಾಕ್ಟರಮ್ಮನ ನಿಯಮ ಆ ಜಾಗದಲ್ಲಿ ಮುರಿಯಿತು.

ಆಗ ಹಿಂದಿನಿಂದ ಒಂದು ಗಾಡಿಯ ಸದ್ದು. ಖಾಲಿ ಈರುಳ್ಳಿ ಗಾಡಿ, ಹಿಂದೆ ಕೂಡಲು ಮೆತ್ತನೆಯ ಗೋಣಿಚೀಲಗಳು. ನಿಧಾನವಾಯಿತು. ನಿಜ ಹೇಳುತ್ತೇನೆ, ನನ್ನ ಎದೆ ಹಿಗ್ಗಿತು. ನಮ್ಮವರೂ ನಿಂತರು. ಡ್ರೈವರು ಕಿಟಕಿಯಿಂದ ತಲೆ ಹಾಕಿ ನೋಡಿದ. ಅಂಗಡಿಗೆ ಬರುವ ಗಿರಾಕಿಯೇ. ಬಾಯಿ ತೆರೆದ, ಇನ್ನೇನು "ಹತ್ರಿ" ಎನ್ನಬೇಕು, ಕಣ್ಣು ಬರಿಗಾಲಿನ ಮೇಲೆ ಬಿತ್ತು. ಎರಡೂ ಕೈ ಎತ್ತಿ ಮುಗಿದು, ಧೂಳೂ ಏಳದಷ್ಟು ಮೆಲ್ಲಗೆ ಹೊರಟುಹೋದ.

"ಮೂರು ವಾರ ದಿನಾ ಕಾಡಿದ್ರು," ಎಂದರು ನಮ್ಮವರು ಹೋಗುವ ಗಾಡಿಯನ್ನೇ ನೋಡುತ್ತ. "ಆ ಮೈಲಾರಿ ಎಲ್ಲಿ ಅದಾನೋ ಇವತ್ತ."

ಇಬ್ಬರಿಗೂ ನಗು ಬಂತು. ನಕ್ಕದ್ದರಿಂದಲೋ ಏನೋ ಕಾಲು ಮತ್ತೆ ಎದ್ದವು. ಮಧ್ಯಾಹ್ನ ಇಳಿಹೊತ್ತಾಗುವಾಗ ಕೊಟ್ಟೂರು ಸೇರಿದೆವು. ಗುಡಿಯಲ್ಲಿ ನಮ್ಮ ಕೈಯಲ್ಲಿ ಎರಡು ಕಾಯಿ ಇದ್ದವು. ಯಾರ ಹೆಸರಿನಲ್ಲಿ ಎಂದು ಪೂಜಾರಿ ಕೇಳಿದಾಗ ನಮ್ಮವರು ಮೊದಲು ಹುಲಿಗೆಮ್ಮನ ಕಾಯಿ ಮುಂದೆ ಮಾಡಿ ಅವಳ ಹೆಸರು ಹೇಳಿದರು. ತಮ್ಮದನ್ನು ಕೊಡುವಾಗ ಹೆಸರು ಹೇಳಲು ತುಸು ತಡವರಿಸಿದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು, ನೀರು ತರಿಸಿ ಕಾಲ ಮೇಲೆ ಹುಯ್ದುಕೊಂಡರು. ಎದುರಿನ ಅಂಗಡಿಯಲ್ಲಿ ಮಿರ್ಚಿ ಕರಿಯುತ್ತಿದ್ದರು. ಮಂಡಕ್ಕಿ ತಿಂದರು. ಮಿರ್ಚಿಯನ್ನು ಮಾತ್ರ ಬಸ್ಸಿಗೆ ಹತ್ತಿಸಿದ ನೆಂಟರನ್ನು ನೋಡುವಂತೆ ನೋಡಿದರು.

ಸಂಜೆಯ ಬಸ್ಸಿಗೆ ಊರಿಗೆ ಬಂದು ಮನೆಗೂ ಹೋಗದೆ ನೇರ ಹುಲಿಗೆಮ್ಮನ ಬಾಗಿಲಿಗೆ ಹೋದೆವು. ಅವಳು ಕಾಯಿಯ ಹೋಳು ಕಣ್ಣಿಗೊತ್ತಿಕೊಳ್ಳುವಾಗ ನಮ್ಮವರು ಹೇಳಿಬಿಟ್ಟರು.

"ಹುಲಿಗೆವ್ವಾ, ನಾ ಹರಕಿ ಹೊತ್ತಿರಲಿಲ್ಲ. ಸಕ್ರಿ ಬಂದೈತಿ, ನಡೀ ಅಂದ್ರು ಡಾಕ್ಟ್ರು. ಮಂದ್ಯೆಲ್ಲ ಗಾಡಿ ಹತ್ತಸಾಕತ್ರು, ಅದಕ್ಕ ಬರಿಗಾಲು ಮಾಡಿದ್ದೆ."

ಹುಲಿಗೆಮ್ಮ ಅವರ ಮುಖ ನೋಡಲಿಲ್ಲ, ಕಾಲು ನೋಡಿದಳು. ಬೊಬ್ಬೆ ಎದ್ದು, ಅರಿಸಿನ ಮೆತ್ತಿದ ಕಾಲು.

"ಡಾಕ್ಟ್ರು ಹೇಳಿದ್ರ ಏನು, ಕೊಟ್ರಪ್ಪ ಹೇಳಿದ್ರ ಏನು," ಎಂದಳು. "ನಡದದ್ದು ಕಾಲು. ಕೂಡ್ರಿ, ಎಣ್ಣಿ ಬಿಸಿ ಮಾಡ್ತೀನಿ."

ಎಣ್ಣೆ ಹಚ್ಚಿಸಿಕೊಂಡು ಏಳುವಾಗ ನಮ್ಮವರೆಂದರು, "ಕೊಟ್ಟೂರಿಂದು ನಿನ್ನ ಪಾಲು ನಾ ನಡದೀನಿ. ಇನ್ನ ಈ ಊರಾಗಿಂದು ನಿನ್ನ ಪಾಲು ನೀನ ನಡೀಬೇಕು ನೋಡು. ನಿನಗೂ ನಡೀ ಅಂತ ಡಾಕ್ಟ್ರು ಹೇಳಿಲ್ಲೇನು?"

"ಹೇಳ್ಯಾರ. ನನ್ನ ಜೋಡಿ ಬಂದ್ರ ನೀವು ಗೇಟು ಮುಟ್ಟಾಕ ಮಧ್ಯಾಹ್ನ ಆಗ್ತೈತಿ."

"ಆಗ್ಲಿ ತಗೋ."

ಕಾಲು ವಾಸಿಯಾದ ಮೇಲೆ ನಮ್ಮವರು ಮತ್ತೆ ಹೊರಟರು, ಈ ಸಲ ಹಳೆಯ ಚಪ್ಪಲಿಯಲ್ಲಿ. ಬೂಟನ್ನು ಮಗ ಹಾಕಿಕೊಂಡ, ಡಬ್ಬಿ ನನಗೆ ಬಂತು. ಆದರೆ ಹರಕೆ ತೀರಿತೆಂದು ಊರಿಗೆಲ್ಲ ಸುದ್ದಿ ಹಬ್ಬಿತ್ತು. ಗಿರಣಿ ದಾಟುವ ಮೊದಲೇ ಮೈಲಾರಿ ಸಂತೋಷದಿಂದ ಗಾಡಿ ನಿಲ್ಲಿಸಿದ.

"ಸಾವ್ಕಾರ್ರ, ಹರಕಿ ಮುಗೀತಲ್ರಿ. ಇನ್ನ ಹತ್ರಿ."

ಎರಡು ತಿಂಗಳಿನಿಂದ ಕೂಡಿಟ್ಟ ಪ್ರೀತಿ ಅದು, ತಡೆಯುವುದು ಹೇಗೆ? ಅಂದು ಹತ್ತಿ ಬಂದರು. ಮರುದಿನ ಆಟೋದವರು. ಹತ್ತಿಸುವವರೆಲ್ಲ ಸರದಿ ಕಾದು ನಿಂತಂತಿತ್ತು. ಒಂದು ದಿನ ನಡೆದರೆ ಎರಡು ದಿನ ಹತ್ತಿ ಬರುವುದು, ಹೀಗೆ ಏಳುಬೀಳಿನಲ್ಲಿಯೇ ಪರೀಕ್ಷೆಯ ದಿನ ಬಂತು.

ಡಾಕ್ಟರು ವರದಿ ನೋಡಿದರು, ಹಳೆಯದನ್ನು ಪಕ್ಕಕ್ಕಿಟ್ಟು ಮತ್ತೆ ನೋಡಿದರು. "ಇಳದೈತ್ರಿ. ಗುಳಿಗಿ ಬ್ಯಾಡ." ನಮ್ಮವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. "ಆದ್ರ ನಡಿಗಿ ಬಿಟ್ರ ಮತ್ತ ಏರ್ತೈತಿ. ಇದು ಮೂರು ತಿಂಗಳಿಗೆ ಮುಗಿಯಾದಲ್ಲ." ಸಿಂಚನಾಳ ಕಡೆ ತಿರುಗಿ, "ನಿಂದು ಒಂದು ತಾಸು ಆಗಾಕತ್ತೈತೇನು?" ಎಂದರು.

"ಆಗ್ತೈತಿ. ನಮ್ಮವ್ವಗೂ ಆಗ್ತೈತಿ. ಕುಂಟಾಬಿಲ್ಲೆ ಸೋತ್ರ ಬಿಡಂಗಿಲ್ಲ ಆಕಿ, ಮತ್ತೊಂದ್ ಆಟ ಅಂತಾಳ."

ಹೊರಗೆ ಬಂದ ಮೇಲೆ ನಮ್ಮವರು ಖುಷಿಯಲ್ಲಿಯೇ ಇದ್ದರು, ಆದರೆ ಚಿಂತೆಯೂ ಇತ್ತು. ಜೀವನಪೂರ್ತಿ ಬರಿಗಾಲಲ್ಲಿ ಇರಲು ಬರುವುದಿಲ್ಲ. ಜೀವನಪೂರ್ತಿ ಮೈಲಾರಿಯನ್ನು ನೋಯಿಸಲೂ ಬರುವುದಿಲ್ಲ.

ಮರುದಿನ ಬೆಳಗ್ಗೆ ಹುಲಿಗೆಮ್ಮನ ಬಾಗಿಲಿಗೆ ಹೋಗಿ ಕರೆದೆವು. ಅವಳು ಬರುವುದಿಲ್ಲ ಎಂದುಕೊಂಡಿದ್ದೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಸಿಂಚನಾಳ ಹೆಗಲು ಹಿಡಿದು ಬಂದಳು. ಆ ದಿನ ರವಿವಾರ, ಶಾಲೆಗೆ ರಜೆ. ಅವಳ ಹೆಜ್ಜೆಗೆ ನಮ್ಮ ಹೆಜ್ಜೆ ಹೊಂದಿಸಿಕೊಂಡು ರೈಲ್ವೆ ಗೇಟಿನ ಕಡೆ ಹೊರಟೆವು. ಹಾಡು ಹಾಡಬಹುದಾದಷ್ಟು ನಿಧಾನ. ಸಿಂಚನಾ ನಿಜವಾಗಿಯೂ ಹಾಡುತ್ತಿದ್ದಳು. ಇವರು ಆಗಾಗ ಮುಂದೆ ಹೋಗಿ, ಬಿರುಸಿನಿಂದ ಮರಳಿ ಬಂದು ನಮ್ಮನ್ನು ಕೂಡಿಕೊಳ್ಳುತ್ತಿದ್ದರು. ಹಾಗೆ ಅವರ ಬೆವರಿಗೂ ಕಡಿಮೆಯಾಗಲಿಲ್ಲ.

ಮೈಲಾರಿ ಬಂದ. ನಿಲ್ಲಿಸಿದ.

"ಹತ್ರಿ ಸಾವ್ಕಾರ್ರ."

"ಹುಲಿಗೆವ್ವನ ಹತ್ತಿಸ್ಕೊಳಪ್ಪ. ವಯಸ್ಸಾದಾಕಿನ ಬಿಟ್ಟು ನಾ ಹೆಂಗ ಹತ್ತಲಿ?"

ಅದು ಸರಿಯಾದ ಮಾತೇ. ಮೈಲಾರಿ ಕ್ಯಾನು ಸರಿಸಿ ಜಾಗ ಮಾಡಿದ. "ಬಾ ಯವ್ವಾ, ಕೂಡು."

"ನಾ ಒಲ್ಲೆ," ಎಂದಳು ಹುಲಿಗೆಮ್ಮ. "ನಾ ನಡ್ಯಾಕ ಬಂದೀನಿ. ಎರಡು ವರ್ಷ ಆಗಿತ್ತು ಈ ರೋಡು ನೋಡಿ. ನೀ ಹೋಗು."

ಮೈಲಾರಿ ಒಂದು ಕಾಲು ನೆಲಕ್ಕೂರಿ ನಮ್ಮನ್ನು ಒಬ್ಬೊಬ್ಬರನ್ನೇ ನೋಡಿದ. ಹುಲಿಗೆಮ್ಮ ಹತ್ತುವುದಿಲ್ಲ, ಅವಳು ಹತ್ತದೆ ಸಾವ್ಕಾರರು ಹತ್ತುವುದಿಲ್ಲ, ಸಾವ್ಕಾರರನ್ನು ಬಿಟ್ಟು ನಾನು ಹತ್ತುವುದಿಲ್ಲ. ನಮ್ಮನ್ನು ದಾಟಿ ಹೋಗುವುದಂತೂ ಅವನ ಕೈಯಲ್ಲಿ ಆಗುವುದಿಲ್ಲ. ಇಂಜಿನ್ನು ಬಂದ್ ಮಾಡಿ, ಇಳಿದು, ಗಾಡಿ ತಳ್ಳಿಕೊಂಡು ನಮ್ಮ ಪಕ್ಕದಲ್ಲಿ ನಡೆಯತೊಡಗಿದ.

"ಹಾಲು ತಡ ಆಗ್ತೈತಲೋ," ಎಂದೆ.

"ಆಗ್ಲಿ ಬಿಡ್ರಿ ಅಮ್ಮಾರ. ನಿಮ್ಮನ್ನ ನಡಿಯಾಕ ಬಿಟ್ಟು ನಾ ಗಾಡಿ ಮ್ಯಾಲ ಹೋದ್ರ ಚಂದ ಕಾಣ್ತೈತೇನ್ರಿ?"

ಎರಡೂ ಕಡೆಯ ಕ್ಯಾನು ಲಟಲಟ ಸದ್ದು ಮಾಡುತ್ತ ಬಂದವು. ಗೇಟು ಮುಟ್ಟುವಷ್ಟರಲ್ಲಿ ಹಿಂದೆ ಇನ್ನೂ ಇಬ್ಬರು ತಮ್ಮ ಬೈಕು ತಳ್ಳಿಕೊಂಡು ಬರುತ್ತಿದ್ದರು. ಅವರಲ್ಲೊಬ್ಬನಿಗೆ ಹೊಟ್ಟೆ ನಮ್ಮವರಿಗಿಂತ ದೊಡ್ಡದು, ಏದುಸಿರು ಬಿಡುತ್ತಿದ್ದ. ಮಾತಾಡಲು ಬರುವಷ್ಟು ನಿಧಾನವಾಗಿ ನಡೆಯಬೇಕೆಂದು ಸಿಂಚನಾ ಅವನಿಗೆ ತಿಳಿಸಿ ಹೇಳಿದಳು.

ಈಗ ನಮ್ಮ ಓಣಿಗೆ ಹಾಲು ತುಸು ತಡವಾಗಿಯೇ ಬರುತ್ತದೆ. ಯಾಕೆಂದು ಕೇಳಿದವರಿಗೆ ಮೈಲಾರಿ, "ಸಾವ್ಕಾರ್ರು ನಡೀತಿದ್ರು" ಎಂದಷ್ಟೇ ಹೇಳುತ್ತಾನಂತೆ. ಅದಕ್ಕೆ ಮರುಪ್ರಶ್ನೆ ಹಾಕಿದವರು ಇದುವರೆಗೂ ಒಬ್ಬರೂ ಇಲ್ಲ.